ಹಳೆ ಪಾಟ್ ಮಣ್ಣಿಗೆ ಸುಣ್ಣ ಹಾಕುವ ಮೊದಲು ನಿಮ್ಮ ನೀರು ಎಂಥದ್ದು ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆ ತಾರಸಿ ಮೇಲೆ ಸುಮಾರು ಮೂವತ್ತು ಪಾಟ್ ಮತ್ತು ಗ್ರೋ ಬ್ಯಾಗ್ ಇವೆ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸೇರಿಸಿ ತುಂಬಿದ್ದು. ಎರಡು ವರ್ಷದಿಂದ ಅದೇ ಮಣ್ಣು, ಹಾಕುವುದು ಬೋರ್‌ವೆಲ್ ನೀರು. ಈಗ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತಿದೆ. ದಾಸವಾಳ, ಮೆಣಸಿನ ಗಿಡಗಳ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. 'ಹಳೆ ಮಣ್ಣು ಹುಳಿಯಾಗಿರುತ್ತೆ, ಪಾಟಿಗೆ ಎರಡು ಚಮಚ ಸುಣ್ಣ ಹಾಕಿ' ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮನೆಯಲ್ಲಿ ಎಲೆಅಡಿಕೆಯ ಸುಣ್ಣ ಇದೆ, ಅದನ್ನೇ ಹಾಕಬಹುದಾ? ಅಥವಾ ಹಳೆ ಮಣ್ಣು ಎಸೆದು ಹೊಸದು ತರಿಸಲಾ? ಸಾಗರದಲ್ಲಿರುವ ಅಮ್ಮನೂ ಅಂಗಳದಲ್ಲಿ ಪಾಟ್ ಇಟ್ಟಿದ್ದಾರೆ, ತೋಟದ ಮಣ್ಣೇ ತುಂಬಿದ್ದು. ಮಳೆಗಾಲ ಕಳೆದ ಮೇಲೆ ಅದರಲ್ಲಿ ಯಾವ ಗಿಡವೂ ಏಳುವುದಿಲ್ಲ ಅಂತಾರೆ. ಅವರೂ ಇದನ್ನೇ ಮಾಡಬೇಕಾ?

ಉತ್ತರ: ಮಣ್ಣು ಎಸೆಯಬೇಡಿ. ಸುಣ್ಣವನ್ನೂ ಹಾಕಬೇಡಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮ ಪಾಟುಗಳಲ್ಲಿ ಆಗಲೇ ಸುಣ್ಣ ಜಾಸ್ತಿಯಾಗಿದೆ ಅನ್ನಿಸುತ್ತದೆ. ಅಮ್ಮನ ಪಾಟುಗಳ ಕಥೆ ಪೂರ್ತಿ ಬೇರೆ, ಅಲ್ಲಿ ಸುಣ್ಣ ನಿಜವಾಗಿಯೂ ಬೇಕಾಗಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನೀವು ಒಂದು ಚಮಚ ಸುಣ್ಣವನ್ನೂ ಹಾಕಿಲ್ಲ, ಹಾಗಿದ್ದರೆ ಅದು ಬಂದದ್ದೆಲ್ಲಿಂದ? ನೀರಿನಿಂದ. ಬೋರ್‌ವೆಲ್ ನೀರು ಬಂಡೆಗಳ ಸಂದಿಯಲ್ಲಿ ಇದ್ದು ಬರುವಂಥದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿರುತ್ತವೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಿಯಲ್ಲಿ ಕೂರುವ ಬಿಳಿ ಪದರ ಇದೆಯಲ್ಲ, ಅದು ಹೆಚ್ಚುಕಡಿಮೆ ಸುಣ್ಣಕಲ್ಲೇ. ಪಾಟಿನಲ್ಲೂ ಅದೇ ಆಗುತ್ತದೆ. ನೀರನ್ನು ಗಿಡ ಹೀರಿಕೊಳ್ಳುತ್ತದೆ, ಬಿಸಿಲು ಒಣಗಿಸುತ್ತದೆ, ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ನೀರಿನ ಕ್ಷಾರತೆ (ಕರಗಿರುವ ಬೈಕಾರ್ಬೊನೇಟಿನಂಥವನ್ನು ಸುಣ್ಣಕಲ್ಲಿನ ಲೆಕ್ಕದಲ್ಲಿ ಹೇಳುವ ಅಳತೆ) ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಎನ್ನುತ್ತದೆ. ನಿಮ್ಮದು 300 ಅಂತ ಇಟ್ಟುಕೊಳ್ಳಿ. ಬೋರ್‌ವೆಲ್ ನೀರಿಗೆ ಅದು ಅಪರೂಪದ ಅಂಕಿ ಏನಲ್ಲ. ಒಂದು ದೊಡ್ಡ ಪಾಟಿಗೆ ದಿನಕ್ಕೆ ಒಂದು ಲೀಟರ್ ಹಾಕಿದರೆ ನೂರು ದಿನಕ್ಕೆ ನೂರು ಲೀಟರ್. ಅಂದರೆ 30 ಗ್ರಾಂ ಸುಣ್ಣಕಲ್ಲಿನ ಪುಡಿಗೆ ಸಮ. ಚಮಚದ ಲೆಕ್ಕದಲ್ಲಿ ಎರಡು ದೊಡ್ಡ ಚಮಚ! ವಿಡಿಯೋದವರು ಒಮ್ಮೆ ಹಾಕಿ ಅಂದದ್ದನ್ನು ನಿಮ್ಮ ನೀರು ಮೂರು ತಿಂಗಳಿಗೊಮ್ಮೆ ಹಾಕುತ್ತಲೇ ಬಂದಿದೆ. ಒಂದಷ್ಟು ಪಾಟಿನ ತೂತಿನಿಂದ ಹೊರಗೆ ಹೋಗುತ್ತದೆ, ಗೊಬ್ಬರ ಕೊಳೆಯುವಾಗ ಹುಟ್ಟುವ ಆಮ್ಲ ಒಂದಷ್ಟನ್ನು ಕರಗಿಸುತ್ತದೆ, ನಿಜ. ಆದರೆ ಎರಡು ವರ್ಷ ಅಂದರೆ ಚಿಕ್ಕ ಅವಧಿ ಅಲ್ಲ.

ಹಾಗಾದರೆ ವಿಡಿಯೋದಲ್ಲಿ ಹೇಳಿದ್ದು ಸುಳ್ಳಾ? ಅಲ್ಲ. ಅದು ಬೇರೆ ಊರಿನ ಮಣ್ಣಿಗೆ ಹೇಳಿದ ಮಾತು. ಯುರೋಪ್, ಅಮೆರಿಕ, ಕೆನಡಾಗಳಲ್ಲಿ ಚೀಲದಲ್ಲಿ ಮಾರುವ ಪಾಟ್ ಮಿಶ್ರಣದ ಮುಖ್ಯ ವಸ್ತು ಪೀಟ್ ಮಾಸ್. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಪಾಚಿ ಅದು. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 3.5ರಿಂದ 4.5, ತುಂಬಾ ಹುಳಿ. ಹಾಗಾಗಿ ಕಂಪನಿಯವರೇ ಡಾಲೊಮೈಟ್ ಸುಣ್ಣ ಬೆರೆಸಿ 5.5ರಿಂದ 6.5ಕ್ಕೆ ತಂದು ಮಾರುತ್ತಾರೆ. ಅಲ್ಲಿನ ಅನೇಕ ಕಡೆ ನೀರೂ ಮೃದು. ಒಂದೆರಡು ಬೆಳೆ ಆದ ಮೇಲೆ ಸುಣ್ಣ ತೀರುತ್ತದೆ, ಮಿಶ್ರಣ ಮತ್ತೆ ಹುಳಿಗೆ ತಿರುಗುತ್ತದೆ. ಆಗ ಅವರಿಗೆ ಸುಣ್ಣ ಬೇಕು. ನಾವು ಪೀಟ್ ಬಳಸುವುದು ಕಡಿಮೆ. ಕೋಕೋಪೀಟ್ ಅಂತ ಹೆಸರಿದ್ದರೂ ಅದು ತೆಂಗಿನ ನಾರಿನ ಪುಡಿ, ಪಿಎಚ್ ಸಾಮಾನ್ಯವಾಗಿ 5.5ರಿಂದ 6.5ರ ಆಸುಪಾಸು. ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ 7ರ ಹತ್ತಿರ, ಕೆಲವೊಮ್ಮೆ ಇನ್ನೂ ಮೇಲೆ. ಇದಕ್ಕೆ ಬೋರ್‌ವೆಲ್ ನೀರು ಸೇರಿದರೆ ಮಿಶ್ರಣ ಹೋಗುವುದು ಹುಳಿಯ ಕಡೆಗಲ್ಲ, ಕ್ಷಾರದ ಕಡೆಗೆ.

ಪಿಎಚ್ ಅನ್ನು ನಮ್ಮ ಮಣ್ಣು ಪರೀಕ್ಷೆಯ ವರದಿಗಳಲ್ಲಿ 'ರಸಸಾರ' ಅಂತ ಬರೆದಿರುತ್ತಾರೆ. 7 ಅಂದರೆ ಸಮ. ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಒಂದು ಅಂಕಿಯ ವ್ಯತ್ಯಾಸ ಹತ್ತು ಪಟ್ಟು ಅನ್ನುವುದನ್ನು ನೆನಪಿಡಿ. 7.5 ಮತ್ತು 6.5 ನೋಡೋಕೆ ಹತ್ತಿರ ಕಾಣುತ್ತವೆ, ಗಿಡದ ಬೇರಿಗೆ ಹಾಗಲ್ಲ. ಪಾಟಿನ ತರಕಾರಿಗಳಲ್ಲಿ ಹೆಚ್ಚಿನವು 6ರಿಂದ 6.8ರೊಳಗೆ ಚೆನ್ನಾಗಿರುತ್ತವೆ.

ಈಗ ನಿಮ್ಮ ದಾಸವಾಳಕ್ಕೆ ಬರೋಣ. ಚಿಗುರೆಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಹಳೆ ಎಲೆಗಳು ಮೊದಲು ಹಳದಿಯಾಗಿದ್ದರೆ ನಾನು ಸಾರಜನಕ ಅಥವಾ ಮೆಗ್ನೀಸಿಯಂ ಕಡೆ ನೋಡುತ್ತಿದ್ದೆ. ಕಬ್ಬಿಣ ಗಿಡದೊಳಗೆ ಹಳೆ ಎಲೆಯಿಂದ ಹೊಸ ಎಲೆಗೆ ಹೋಗುವುದಿಲ್ಲ, ಅದಕ್ಕೇ ಚಿಗುರು ಮೊದಲು ಬಿಳಿಚಿಕೊಳ್ಳುತ್ತದೆ. ಕೆಂಪು ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ, ಅದರಲ್ಲಿ ಕೊರತೆ ಎಲ್ಲಿಂದ ಬಂತು ಅಂತ ಕೇಳಬಹುದು. ಕಬ್ಬಿಣ ಇದೆ, ಗಿಡಕ್ಕೆ ಸಿಗುತ್ತಿಲ್ಲ. ಪಿಎಚ್ 7 ದಾಟಿ ಮೇಲೆ ಹೋದಂತೆ ಅದು ಕರಗದ ರೂಪಕ್ಕೆ ತಿರುಗುತ್ತದೆ. ಸತು, ಮ್ಯಾಂಗನೀಸ್ ಕೂಡ ಹಾಗೆಯೇ. ಇಂಥ ಪಾಟಿಗೆ ಇನ್ನಷ್ಟು ಸುಣ್ಣ ಹಾಕಿದರೆ ಹಳದಿ ಎಲೆ ಬೆಳ್ಳಗಾಗುತ್ತದೆ, ಆಮೇಲೆ ಅಂಚು ಸುಟ್ಟು ಉದುರುತ್ತದೆ. ಗುಲಾಬಿ, ಕೇಪಳ, ಕರಿಬೇವು ಇದ್ದರೆ ಅವನ್ನೂ ನೋಡಿ, ಅವು ಬೇಗ ತೋರಿಸುತ್ತವೆ.

ಟೊಮೆಟೊ ತುದಿ ಕಪ್ಪಾಗುವುದಕ್ಕೆ ಕ್ಯಾಲ್ಸಿಯಂ ಸಾಲದಿರುವುದೇ ಕಾರಣ ಅನ್ನುವುದು ನಿಜ. ಸುಣ್ಣ ಹಾಕಿ ಅನ್ನುವವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಸಾಲದಿರುವುದು ಕಾಯಿಯಲ್ಲಿ, ಮಣ್ಣಿನಲ್ಲಿ ಅಲ್ಲ. ಕ್ಯಾಲ್ಸಿಯಂ ನೀರಿನ ಜೊತೆಯಲ್ಲೇ ಗಿಡದೊಳಗೆ ಹರಿಯಬೇಕು. ಒಂದು ದಿನ ಪಾಟ್ ಒಣಗಿ ಬಿರುಕು ಬಿಟ್ಟು, ಮಾರನೇ ದಿನ ಕೆರೆಯಂತೆ ತುಂಬಿದರೆ ಆ ಹರಿವು ತಪ್ಪುತ್ತದೆ. ಎಲೆಗಳು ನೀರನ್ನು ಎಳೆದುಕೊಳ್ಳುತ್ತವೆ, ಕಾಯಿಯ ತುದಿಗೆ ತಲುಪುವುದಿಲ್ಲ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ಬೇಕಾಗಿರುವುದು ಮೇಲೆ ಎರಡಿಂಚು ಒಣ ಎಲೆಯ ಹೊದಿಕೆ, ದಿನವೂ ಹೆಚ್ಚುಕಡಿಮೆ ಒಂದೇ ಹದದ ತೇವ. ಟೊಮೆಟೊ ಚಿಕ್ಕ ಪಾಟಿನಲ್ಲಿದ್ದರೆ ಮುಂದಿನ ಸಲ ಕನಿಷ್ಠ 15 ಲೀಟರ್ ಹಿಡಿಯುವ ಪಾಟಿಗೆ ಹಾಕಿ.

ನಾನು ಹೇಳಿದೆ ಅಂತ ನಂಬಬೇಡಿ, ಅಳೆದು ನೋಡಿ. ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ. ಪಾಟಿನ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಇದ್ದರೆ ಕೆರೆದು ತಟ್ಟೆಗೆ ಹಾಕಿ ಎರಡು ಹನಿ ನಿಂಬೆರಸ ಬಿಡಿ. ಗುಳ್ಳೆ ಬಂದರೆ ಅದು ಸುಣ್ಣದ ಕಾರ್ಬೊನೇಟ್. ಗುಳ್ಳೆ ಬರದಿದ್ದರೆ ಗೊಬ್ಬರದ ಅಥವಾ ನೀರಿನ ಬೇರೆ ಉಪ್ಪು.

ಆಮೇಲೆ ಪಿಎಚ್ ಅಳೆಯಿರಿ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಮೀಟರುಗಳನ್ನು ನಂಬುವ ಹಾಗಿಲ್ಲ, ಅವು ತೇವ ಬದಲಾದರೆ ಅಂಕಿಯನ್ನೂ ಬದಲಾಯಿಸುತ್ತವೆ. ಪೆನ್ನಿನಂಥ ಮೀಟರ್ ಪರವಾಗಿಲ್ಲ, ಅದರ ಜೊತೆ ಬರುವ 4.01 ಮತ್ತು 6.86ರ ಪುಡಿಗಳನ್ನು ನೀರಿನಲ್ಲಿ ಕರಗಿಸಿ ಮೊದಲು ಸರಿಹೊಂದಿಸಿಕೊಳ್ಳಬೇಕು. ಪಿಎಚ್ ಪೇಪರ್ ಕೂಡ ಸಾಕು, ಅರ್ಧ ಅಂಕಿಯಷ್ಟು ಅಂದಾಜು ಸಿಗುತ್ತದೆ. ನಾಲ್ಕೈದು ಪಾಟುಗಳಿಂದ, ಮೇಲಿನ ಪದರ ಸರಿಸಿ ಬೇರಿರುವ ಆಳದಿಂದ ಮಣ್ಣು ತೆಗೆಯಿರಿ. ನೆರಳಲ್ಲಿ ಒಣಗಿಸಿ ಕಲಸಿ. ಒಂದು ಲೋಟ ಮಣ್ಣಿಗೆ ಎರಡು ಲೋಟ ಡಿಸ್ಟಿಲ್ಡ್ ನೀರು ಹಾಕಿ, ಆಗಾಗ ಕದಡಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ. ಆಸಿಡ್ ಬೆರೆಸಿದ್ದು ತರಬೇಡಿ, ನೋಡಿ ತನ್ನಿ. ಬೋರ್‌ವೆಲ್ ನೀರಲ್ಲಿ ಕಲಸಿ ಅಳೆದರೆ ಆ ನೀರಿನ ಕ್ಷಾರವೂ ಅಂಕಿಯಲ್ಲಿ ಸೇರಿಕೊಳ್ಳುತ್ತದೆ, ಮಣ್ಣಿನ ನಿಜ ಗೊತ್ತಾಗುವುದಿಲ್ಲ.

ಇನ್ನೂ ಖಚಿತವಾಗಿ ಬೇಕಿದ್ದರೆ ಅರ್ಧ ಕೆಜಿ ಮಣ್ಣನ್ನು ಜಿಕೆವಿಕೆ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಮಣ್ಣು ಪರೀಕ್ಷೆಗೆ ಕೊಡಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ, ನಿಮಗೆ ಮುಖ್ಯ ಎರಡು: ಪಿಎಚ್ ಮತ್ತು ಲವಣಾಂಶ. ಸಾಧ್ಯವಾದರೆ ನೀರನ್ನೂ ಪರೀಕ್ಷೆ ಮಾಡಿಸಿ, ಕ್ಷಾರತೆ ಎಷ್ಟು ಅಂತ ಕೇಳಿ. ನೀರಿನ ಪಿಎಚ್ ಒಂದೇ ನೋಡಿದರೆ ಉಪಯೋಗವಿಲ್ಲ. ಪಿಎಚ್ 7.5 ಇರುವ ಎರಡು ನೀರಿನಲ್ಲಿ ಒಂದು ಮಣ್ಣನ್ನು ಏನೂ ಮಾಡದೆ ಇರಬಹುದು, ಇನ್ನೊಂದು ವರ್ಷದಲ್ಲಿ ಕೆಡಿಸಬಹುದು. ವ್ಯತ್ಯಾಸ ಇರುವುದು ಕ್ಷಾರತೆಯಲ್ಲಿ.

ಪಿಎಚ್ 7.3ಕ್ಕಿಂತ ಜಾಸ್ತಿ ಬಂದರೆ ಏನು ಮಾಡಬೇಕು? ಹುಳಿ ಮಜ್ಜಿಗೆ ಹಾಕುವವರು ಬಹಳ ಮಂದಿ ಇದ್ದಾರೆ. ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಹಾಕಿದರೆ ಎಲೆ ಹಸಿರಾಗುತ್ತದೆ ಅನ್ನುವುದರಲ್ಲಿ ಹುರುಳಿದೆ, ಅದರ ಆಮ್ಲ ಬೇರಿನ ಸುತ್ತ ಸ್ವಲ್ಪ ಕಬ್ಬಿಣವನ್ನು ಬಿಡಿಸಿ ಕೊಡುತ್ತದೆ. ಕೆಲವರು ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಿಗೆ ಹಾಕುತ್ತಾರೆ. ಎರಡೂ ತಾತ್ಕಾಲಿಕ. ಈ ಆಮ್ಲಗಳನ್ನು ಮಣ್ಣಿನ ಜೀವಾಣುಗಳು ತಿಂದು ಮುಗಿಸುತ್ತವೆ, ಮುಗಿಸಿದ ಮೇಲೆ ಬೈಕಾರ್ಬೊನೇಟ್ ಮತ್ತೆ ಅಲ್ಲೇ ಇರುತ್ತದೆ. ಹಾಕಿದರೆ ತೊಂದರೆ ಇಲ್ಲ, ಅದನ್ನೇ ನಂಬಿ ಕೂರಬೇಡಿ.

ನಿಜವಾಗಿ ಕೆಲಸ ಮಾಡುವುದು ಗಂಧಕ. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ನಿಧಾನವಾಗಿ ಗಂಧಕಾಮ್ಲವಾಗಿಸುತ್ತವೆ, ಆ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಒಂದು ಗ್ರಾಂ ಗಂಧಕ ಸುಮಾರು ಮೂರು ಗ್ರಾಂ ಸುಣ್ಣಕಲ್ಲಿಗೆ ಸಮ. ಗೊಬ್ಬರದ ಅಂಗಡಿಯಲ್ಲಿ ಪುಡಿ ಗಂಧಕ ಸಿಗುತ್ತದೆ, ಬೂದಿ ರೋಗಕ್ಕೆ ಸಿಂಪಡಿಸುವ ವೆಟ್ಟಬಲ್ ಸಲ್ಫರ್ ಆದರೂ ಆಗುತ್ತದೆ. 15 ಲೀಟರ್ ಪಾಟಿಗೆ ಒಂದು ಚಿಕ್ಕ ಚಮಚ, ಅಂದರೆ 4–5 ಗ್ರಾಂ. ಮೇಲೆ ಉದುರಿಸಿ ಬಿಟ್ಟರೆ ಸಾಲದು, ಮಣ್ಣಿಗೆ ಬೆರೆಸಿ ತೇವ ಇಡಿ. ಎರಡು ತಿಂಗಳು ಬಿಟ್ಟು ಮತ್ತೆ ಅಳೆದು, ಬೇಕಿದ್ದರೆ ಮಾತ್ರ ಇನ್ನೊಮ್ಮೆ. ಇದು ವಾರದಲ್ಲಿ ಆಗುವ ಕೆಲಸ ಅಲ್ಲ, ಅವಸರಕ್ಕೆ ಜಾಸ್ತಿ ಸುರಿದರೆ ಬೇರು ಸುಡುತ್ತದೆ.

ಅಷ್ಟರವರೆಗೆ ಗಿಡ ಉಳಿಯಬೇಕಲ್ಲ? ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ತನ್ನಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಒಂದು ಗ್ರಾಂ ನಿಂಬೆ ಉಪ್ಪು ಹಾಕಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಸಾಕು. ಮೊದಲು ಒಂದು ಕೊಂಬೆಗೆ ಮಾತ್ರ ಹೊಡೆದು ಎರಡು ದಿನ ನೋಡಿ, ಎಳೆ ಎಲೆಗೆ ಕಲೆ ಬಿದ್ದರೆ ಇನ್ನೂ ತೆಳ್ಳಗೆ ಮಾಡಿ. ಕ್ಷಾರದ ಮಣ್ಣಿಗೇ ಅನ್ನಭೇದಿ ಸುರಿದರೆ ಅದು ಬೇಗನೆ ತುಕ್ಕಾಗಿ ಕೂರುತ್ತದೆ, ಗಿಡಕ್ಕೆ ಸಿಗುವುದು ಅತ್ಯಲ್ಪ. ಅಂಗಡಿಯವರು 'ಚಿಲೇಟೆಡ್ ಐರನ್' (ಕರಗಿದ ರೂಪದಲ್ಲೇ ಉಳಿಯುವಂತೆ ಇನ್ನೊಂದು ವಸ್ತುವಿಗೆ ಕಟ್ಟಿಟ್ಟ ಕಬ್ಬಿಣ) ಕೊಟ್ಟರೆ, ಆ ವಸ್ತು ಯಾವುದು ಅಂತ ಪ್ಯಾಕೆಟ್ ಓದಿ. ಇಡಿಟಿಎ ಅಂತ ಇದ್ದರೆ ಅದು ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಎಲೆಗೆ ಸಿಂಪಡಿಸೋಕೆ ಮಾತ್ರ ಬಳಸಿ. ಇಡಿಡಿಎಚ್ಎ ಅಂತ ಇದ್ದರೆ ಮಣ್ಣಿಗೂ ಹಾಕಬಹುದು, ಬೆಲೆ ಜಾಸ್ತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ವೆಜಿಟೇಬಲ್ ಸ್ಪೆಷಲ್' ಅನ್ನುವ ಲಘು ಪೋಷಕಾಂಶಗಳ ಪುಡಿಯೂ ಸಿಂಪಡಿಸುವುದಕ್ಕೇ ಇರುವುದು, ತರಕಾರಿ ಗಿಡಗಳಿಗೆ ಅದು ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಅದೇ ನೀರು ಹಾಕುತ್ತಿದ್ದರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ. ಅದಕ್ಕೆ ಮಳೆ ನೀರು ಹಿಡಿಯಿರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ನೂರು ಚದರ ಅಡಿ ತಾರಸಿಯ ಮೇಲೆ ಬೀಳುವುದೇ ಸುಮಾರು 9,000 ಲೀಟರ್. ಅದರಲ್ಲಿ ಒಂದೆರಡು ಡ್ರಮ್ ತುಂಬಿಸಿಟ್ಟರೂ ದಾಸವಾಳ, ಕರಿಬೇವಿನಂಥ ಸೂಕ್ಷ್ಮ ಗಿಡಗಳಿಗೆ ವಾರಗಟ್ಟಲೆ ಬರುತ್ತದೆ. ಮನೆಯಲ್ಲಿ ಮಳೆಕೊಯ್ಲಿನ ಸಂಪ್ ಇದ್ದರೆ ಇನ್ನೂ ಒಳ್ಳೆಯದು. ಕಾವೇರಿ ನೀರು ಬರುವ ದಿನ ಪಾಟಿಗೂ ಅದನ್ನೇ ಕೊಡಿ, ಬೋರ್‌ವೆಲ್ಲಿಗಿಂತ ಸಾಮಾನ್ಯವಾಗಿ ಎಷ್ಟೋ ಮೃದು. ಆರ್‌ಒ ಯಂತ್ರದ ವೇಸ್ಟ್ ನೀರು ಮಾತ್ರ ಪಾಟಿಗೆ ಬೇಡ. ಶುದ್ಧ ನೀರು ತೆಗೆದ ಮೇಲೆ ಉಳಿದ ಉಪ್ಪೆಲ್ಲ ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನೀರು ಪೋಲಾಗಬಾರದು ಅನ್ನುವ ಒಳ್ಳೆ ಮನಸ್ಸಿನಿಂದಲೇ ಎಷ್ಟೋ ಜನ ಇದನ್ನು ಗಿಡಕ್ಕೆ ಹಾಕುತ್ತಾರೆ. ಅದನ್ನು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ.

ಇನ್ನು ಮಣ್ಣನ್ನು ಮತ್ತೆ ಬಳಸುವ ವಿಷಯ. ಎರಡು ವರ್ಷದ ಮಣ್ಣಿನಲ್ಲಿ ಕೆಟ್ಟಿರುವುದು ಪಿಎಚ್ ಒಂದೇ ಅಲ್ಲ. ಕೋಕೋಪೀಟ್, ಎರೆಗೊಬ್ಬರ ಕರಗಿ ಪಾಟ್ ಮುಕ್ಕಾಲಿಗೆ ಇಳಿದಿರುತ್ತದೆ. ಉಳಿದ ನುಣ್ಣನೆ ಮಣ್ಣು ಒತ್ತೊತ್ತಾಗಿ ಕೂತು, ಗಾಳಿ ಆಡುವ ಜಾಗ ಮುಚ್ಚಿರುತ್ತದೆ. ನೀರು ಹಾಕಿದರೆ ಮೇಲೆ ನಿಂತು, ಅಂಚಿನ ಬಿರುಕಿನಿಂದ ಜಾರಿ ಕೆಳಗೆ ಬರುತ್ತಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಎಷ್ಟೋ ಸಲ ಜನ ಗೊಬ್ಬರ ಸಾಲದು ಅಂದುಕೊಳ್ಳುತ್ತಾರೆ, ಸಾಲದಿರುವುದು ಬೇರಿಗೆ ಉಸಿರು.

ಗಿಡ ಕೀಳುವಾಗ ಬೇರು ನೋಡುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ. ಬೇರಿನ ತುಂಬ ಗಂಟುಗಳಿದ್ದರೆ ಜಂತುಹುಳು ಇದೆ. (ಅವರೆ, ಬೀನ್ಸ್ ಬೇರಿನ ಪಕ್ಕದಲ್ಲಿ ಅಂಟಿಕೊಂಡಿರುವ, ಉಜ್ಜಿದರೆ ಉದುರುವ ಗಂಟುಗಳು ಬೇರೆ, ಅವು ಒಳ್ಳೆಯವು.) ಬಿಳಿ, ದಪ್ಪ, ಬಾಗಿದ ಗೊಣ್ಣೆ ಹುಳು ಸಿಕ್ಕರೆ ಆರಿಸಿ ತೆಗೆಯಿರಿ. ಟೊಮೆಟೊ, ಬದನೆ, ಮೆಣಸಿನ ಗಿಡ ಹಸಿರಿರುವಾಗಲೇ ಎರಡು ಮೂರು ದಿನದಲ್ಲಿ ಬಾಡಿ ಸತ್ತಿದ್ದರೆ, ಬುಡದ ಕಾಂಡದ ಎರಡಿಂಚು ತುಂಡನ್ನು ಗಾಜಿನ ಲೋಟದ ತಿಳಿ ನೀರಿನಲ್ಲಿ ನೇತು ಹಾಕಿ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿದು ಬಂದರೆ ಅದು ದುಂಡಾಣು ಸೊರಗು ರೋಗ. ಆ ಪಾಟಿನ ಮಣ್ಣಿಗೆ ಮತ್ತೆ ಟೊಮೆಟೊ ಜಾತಿಯ ಯಾವ ಗಿಡವನ್ನೂ ಹಾಕಬೇಡಿ, ಬೇರೆ ಪಾಟುಗಳ ಜೊತೆ ಬೆರೆಸಲೂ ಬೇಡಿ. ಅದರಲ್ಲಿ ಸೊಪ್ಪು, ಮೂಲಂಗಿ ಬೆಳೆದುಕೊಳ್ಳಿ. ಮೂವತ್ತು ಪಾಟಿನ ಮಣ್ಣನ್ನೆಲ್ಲ ಒಂದೇ ಗುಡ್ಡೆ ಮಾಡಿ ಕಲಸುವ ಅಭ್ಯಾಸ ಹಲವರಿಗಿದೆ. ಒಂದು ಪಾಟಿನ ರೋಗ ಮೂವತ್ತಕ್ಕೂ ಹಬ್ಬುವ ದಾರಿ ಅದೇ.

ರೋಗ ಇಲ್ಲದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು, ಗಂಟು ಒಡೆದು, ಬೇರು, ಕಲ್ಲು ತೆಗೆಯಿರಿ. ಜರಡಿ ಹಿಡಿಯುವುದಾದರೆ ದೊಡ್ಡ ಕಣ್ಣಿನದ್ದು ಸಾಕು, ನುಣ್ಣಗೆ ಮಾಡಿದಷ್ಟೂ ಮತ್ತೆ ಗಟ್ಟಿಯಾಗುತ್ತದೆ. ಬಿಳಿ ಪೊರೆ ಕಟ್ಟಿದ ಮೇಲಿನ ಅರ್ಧ ಇಂಚನ್ನು ಬೇರೆ ತೆಗೆದಿಡಿ, ಅದು ಪಾಟಿಗೆ ವಾಪಸ್ ಬೇಡ. ಉಪ್ಪು ಜಾಸ್ತಿ ಇದ್ದರೆ ತೊಳೆಯಬೇಕು. ಪಾಟಿನಲ್ಲೇ ಇಟ್ಟು, ಹತ್ತು ಲೀಟರ್ ಮಣ್ಣಿಗೆ ಇಪ್ಪತ್ತರಿಂದ ಮೂವತ್ತು ಲೀಟರ್ ನೀರನ್ನು ನಿಧಾನವಾಗಿ ಹಾಯಿಸಿ ಹೊರಗೆ ಬಿಡಬೇಕು. ನಲ್ಲಿ ನೀರಲ್ಲಿ ಇದು ದುಬಾರಿ, ಮಳೆಗಾಲದಲ್ಲಿ ಪಾಟುಗಳನ್ನು ಬಯಲಿಗೆ ಸರಿಸಿದರೆ ಮಳೆಯೇ ಮಾಡುತ್ತದೆ.

ಜಂತುಹುಳುವಿನ ಅನುಮಾನ ಇದ್ದರೆ ಮಾರ್ಚ್‌ನಿಂದ ಮೇವರೆಗಿನ ಬಿಸಿಲನ್ನು ಬಳಸಿಕೊಳ್ಳಿ. ಮಣ್ಣನ್ನು ಹದವಾಗಿ ತೇವ ಮಾಡಿ ಅರ್ಧ ಅಡಿ ದಪ್ಪಕ್ಕೆ ಹರಡಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚನ್ನು ಇಟ್ಟಿಗೆಯಿಂದ ಒತ್ತಿ ಮುಚ್ಚಿ. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣಿಗೆ ಬಿಸಿಲನ್ನು ಬಿಡುವುದಿಲ್ಲ. ಒಣ ಮಣ್ಣೂ ಬೇಡ, ತೇವ ಇದ್ದರೆ ಮಾತ್ರ ಬಿಸಿ ಒಳಗೆ ಇಳಿಯುತ್ತದೆ.

ಮತ್ತೆ ತುಂಬುವಾಗ ನಾನು ಹೇಳುವ ಅಳತೆ ಇದು: ಹಳೆ ಮಣ್ಣು ಆರು ಬುಟ್ಟಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಎರಡು ಬುಟ್ಟಿ, ತೊಳೆದ ಕೋಕೋಪೀಟ್ ಒಂದೂವರೆ ಬುಟ್ಟಿ, ಭತ್ತದ ಹೊಟ್ಟು ಅರ್ಧ ಬುಟ್ಟಿ. ಪಾಟಿಗೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆ ನೆನೆಸಿದ ಮೊದಲ ನೀರು ಕಂದು ಬಣ್ಣದಲ್ಲಿ ಬರುತ್ತದಲ್ಲ, ಅದರಲ್ಲಿ ಉಪ್ಪಿರುತ್ತದೆ, ಹಿಂಡಿ ಚೆಲ್ಲಿ. ಹಸಿ ಸಗಣಿ, ಅರೆಬೆಂದ ಅಡುಗೆಮನೆ ಗೊಬ್ಬರ ಪಾಟಿಗೆ ಬೇಡ. ಬೂದಿಯನ್ನೂ ನಿಮ್ಮ ಪಾಟುಗಳಿಂದ ದೂರ ಇಡಿ, ಅದು ಸುಣ್ಣದ ತಮ್ಮನೇ. ಮೊಟ್ಟೆ ಚಿಪ್ಪು ಹಾಕುತ್ತಿದ್ದರೆ ಭಯ ಬೇಡ: ಅದೂ ಹೆಚ್ಚುಕಡಿಮೆ ಪೂರ್ತಿ ಸುಣ್ಣಕಲ್ಲೇ, ಆದರೆ ಕೈಯಲ್ಲಿ ಪುಡಿ ಮಾಡಿ ಹಾಕಿದ ಚಿಪ್ಪು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ತುಂಬಿದ ಮಣ್ಣನ್ನು ತೇವ ಇಟ್ಟು ಎರಡು ವಾರ ಬಿಡಿ, ಪಿಎಚ್ ಇನ್ನೊಮ್ಮೆ ನೋಡಿ, ಆಮೇಲೆ ಸಸಿ ಇಡಿ. ಟೊಮೆಟೊ ಇದ್ದ ಕಡೆ ಈ ಸಲ ಬೀನ್ಸ್, ಅದಾದ ಮೇಲೆ ಸೊಪ್ಪು.

ಎಲೆಅಡಿಕೆಯ ಸುಣ್ಣದ ಬಗ್ಗೆ ಕೇಳಿದ್ದೀರಿ. ನಿಮಗೆ ಅದರ ಅಗತ್ಯ ಇಲ್ಲ, ಆದರೂ ಅಮ್ಮನ ಸಲುವಾಗಿ ತಿಳಿದುಕೊಳ್ಳಿ. ಸುಣ್ಣಗಳೆಲ್ಲ ಒಂದೇ ಅಲ್ಲ. ಸುಣ್ಣಕಲ್ಲನ್ನು ಸುಡದೆ ಬರೀ ಪುಡಿ ಮಾಡಿದ್ದು ಕೃಷಿ ಸುಣ್ಣ. ಅದು ಸೌಮ್ಯ, ತುಸು ಹೆಚ್ಚುಕಡಿಮೆಯಾದರೂ ಗಿಡ ತಾಳಿಕೊಳ್ಳುತ್ತದೆ. ಡಾಲೊಮೈಟ್ ಕೂಡ ಹಾಗೆಯೇ, ಜೊತೆಗೆ ಮೆಗ್ನೀಸಿಯಂ ಕೊಡುತ್ತದೆ. ಕಲ್ಲನ್ನೋ ಕರಾವಳಿಯ ಚಿಪ್ಪನ್ನೋ ಸುಟ್ಟರೆ ಸುಟ್ಟ ಸುಣ್ಣ, ಅದಕ್ಕೆ ನೀರು ಹಾಕಿ ಅರಳಿಸಿದರೆ ಅರಳಿದ ಸುಣ್ಣ. ಎಲೆಗೆ ಹಚ್ಚುವುದು, ಗೋಡೆಗೆ ಬಳಿಯುವುದು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಜೊತೆ ಹಾಕುವುದು ಎಲ್ಲ ಇದೇ ಅರಳಿದ ಸುಣ್ಣ. ಅದರ ನೀರಿನ ಪಿಎಚ್ 12ರ ಮೇಲಿರುತ್ತದೆ. ಗಿಡ ಇರುವ ಪಾಟಿಗೆ ಅದನ್ನು ಹಾಕಿದರೆ ಬೇರು ಬೇಯುತ್ತದೆ. ಎಲೆಅಡಿಕೆಯ ಸುಣ್ಣ ನೀರು ಬೆರೆತ ಮುದ್ದೆ ಆಗಿರುವುದರಿಂದ ಎಷ್ಟು ಹಾಕಿದೆವು ಅನ್ನುವ ಲೆಕ್ಕವೂ ಸಿಗುವುದಿಲ್ಲ. ಖಾಲಿ ಮಣ್ಣಿಗೆ ಅರಳಿದ ಸುಣ್ಣದ ಒಣ ಪುಡಿ ಬೆರೆಸಬಹುದು, ಕೃಷಿ ಸುಣ್ಣದ ಮುಕ್ಕಾಲು ಪಾಲು ತೂಕ ಸಾಕು. ಕಣ್ಣಿಗೆ ಬೀಳದಂತೆ ನೋಡಿಕೊಂಡು, ಮೂರು ವಾರ ಗಿಡ ಇಡದೆ ಬಿಡಬೇಕು.

ಸಾಗರದಲ್ಲಿ ಆಗುತ್ತಿರುವುದು ಬೆಂಗಳೂರಿಗೆ ಪೂರ್ತಿ ವಿರುದ್ಧ. ಮಲೆನಾಡಿನ ಮಣ್ಣು ಮೊದಲೇ ಹುಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ತೊಳೆದುಕೊಂಡು ಹೋಗುತ್ತದೆ. ಶುದ್ಧ ಮಳೆ ನೀರಿನ ಪಿಎಚ್ಚೇ ಸುಮಾರು 5.6. ನೆಲದಲ್ಲಾದರೆ ಬೇರು ಆಳಕ್ಕೆ ಹೋಗಿ ಹುಡುಕುತ್ತದೆ, ಪಾಟಿನಲ್ಲಿ ಎಲ್ಲಿಗೆ ಹೋಗಬೇಕು? ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್ ಹಾಕುತ್ತಿದ್ದರೆ ಹುಳಿ ಇನ್ನೂ ಏರುತ್ತದೆ. ಪಿಎಚ್ 5.5ಕ್ಕಿಂತ ಕೆಳಗೆ ಹೋದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ, ಹಾಕಿದ ರಂಜಕ ಗಿಡಕ್ಕೆ ಸಿಗದೆ ಬಿಗಿದುಕೊಳ್ಳುತ್ತದೆ. 'ಯಾವ ಗಿಡವೂ ಏಳುವುದಿಲ್ಲ' ಅಂತ ಅಮ್ಮ ಹೇಳುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಅವರ ಮಣ್ಣನ್ನೂ ಅಳೆದೇ ಹಾಕಬೇಕು, ಊಹೆಯ ಮೇಲಲ್ಲ. 5.5ರ ಹತ್ತಿರ ಬಂದರೆ ಹತ್ತು ಲೀಟರ್ ಮಣ್ಣಿಗೆ ಮಟ್ಟಸವಾಗಿ ತುಂಬಿದ ಒಂದು ದೊಡ್ಡ ಚಮಚ ಕೃಷಿ ಸುಣ್ಣ ಅಥವಾ ಡಾಲೊಮೈಟ್. 5 ಅಥವಾ ಅದಕ್ಕೂ ಕಡಿಮೆ ಬಂದರೆ ಎರಡು ಚಮಚ, ಆದರೆ ಒಟ್ಟಿಗಲ್ಲ. ಒಂದು ಚಮಚ ಹಾಕಿ, ತಿಂಗಳು ಬಿಟ್ಟು ಅಳೆದು ಇನ್ನೊಂದು. ಜಾಸ್ತಿಯಾದ ಸುಣ್ಣವನ್ನು ತೆಗೆಯುವುದು ಎಷ್ಟು ಕಷ್ಟ ಅಂತ ನಿಮ್ಮ ಪಾಟುಗಳನ್ನೇ ನೋಡಿದಿರಲ್ಲ. ಅಕ್ಟೋಬರಿನಲ್ಲಿ ಮಳೆ ಇಳಿದ ಮೇಲೆ ಪಾಟ್ ಖಾಲಿ ಮಾಡಿ, ಸುಣ್ಣವನ್ನು ಇಡೀ ಮಣ್ಣಿಗೆ ಕಲಸಿ, ತೇವ ಆರದಂತೆ ಮೂರು ನಾಲ್ಕು ವಾರ ಇಡಲಿ. ಮೇಲೆ ಉದುರಿಸಿದ ಸುಣ್ಣ ಕೆಳಗೆ ಇಳಿಯುವುದಿಲ್ಲ, ಒಣ ಮಣ್ಣಿನಲ್ಲಿ ಅದು ಕೆಲಸವನ್ನೂ ಮಾಡುವುದಿಲ್ಲ. ಸುಣ್ಣ ಹಾಕಿದ ದಿನವೇ ಯೂರಿಯಾ ಅಥವಾ ಹಸಿ ಗೊಬ್ಬರ ಸೇರಿಸಬಾರದು, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ವಾರದ ಅಂತರ ಇರಲಿ.

ಸುಣ್ಣ ತರುವುದು ಕಷ್ಟವಾದರೆ ಅಮ್ಮನ ಬಚ್ಚಲ ಒಲೆಯ ಬೂದಿಯೇ ಸಾಕು. ಸೌದೆಯ ಬೂದಿಗೆ ಸುಣ್ಣದ ಅರ್ಧದಷ್ಟೋ ಇನ್ನೂ ಕಡಿಮೆಯೋ ಶಕ್ತಿ ಇರುತ್ತದೆ, ಪೊಟ್ಯಾಷ್ ಕೂಡ ಸಿಗುತ್ತದೆ. ಹತ್ತು ಲೀಟರ್ ಮಣ್ಣಿಗೆ ಜರಡಿ ಹಿಡಿದ ಬೂದಿ ಎರಡು ಮೂರು ಚಮಚ, ಅದಕ್ಕಿಂತ ಜಾಸ್ತಿ ಬೇಡ. ಒಲೆಗೆ ಪ್ಲಾಸ್ಟಿಕ್ ಹಾಕುವ ಅಭ್ಯಾಸ ಇದ್ದರೆ ಆ ಬೂದಿ ಮುಟ್ಟಲೇಬೇಡಿ. ಮುಂದಿನ ಮಳೆಗಾಲದಲ್ಲಿ ತರಕಾರಿ ಪಾಟುಗಳನ್ನು ಸೂರಿನ ಕೆಳಗೆ, ನೇರ ಮಳೆ ಬೀಳದ ಕಡೆ ಸರಿಸಲು ಹೇಳಿ, ಖಾಲಿ ಪಾಟುಗಳ ಮೇಲೆ ಟಾರ್ಪಾಲ್ ಮುಚ್ಚಲಿ. ಹಾಕಿದ ಸುಣ್ಣ ಎರಡು ವರ್ಷ ಬರುವುದೂ ಒಂದೇ ಮಳೆಗಾಲದಲ್ಲಿ ತೀರುವುದೂ ಇದರ ಮೇಲೆಯೇ ನಿಂತಿದೆ. ಅಂಗಳದಲ್ಲಿ ಆಂಥೂರಿಯಂ, ಹೈಡ್ರೇಂಜಿಯಾ ಇದ್ದರೆ ಅವಕ್ಕೆ ಮಾತ್ರ ಸುಣ್ಣ, ಬೂದಿ ಯಾವುದೂ ಬೇಡ. ಅವಕ್ಕೆ ಹುಳಿ ಮಣ್ಣೇ ಇಷ್ಟ, ಹೈಡ್ರೇಂಜಿಯಾದ ನೀಲಿ ಹೂವಂತೂ ಸುಣ್ಣ ಬಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.